ಸೀರೆ ಅಂಗಡಿಯ ಸರ್ವರ್: ಲಿನಕ್ಸ್‌ನಿಂದ ಫ್ರೀಬಿಎಸ್‌ಡಿಗೆ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಇಳಕಲ್ ಸೀರೆ ಅಂಗಡಿಯ ಲೆಕ್ಕಪತ್ರ ಹಾಗೂ ವಿನ್ಯಾಸದ ಚಿತ್ರಗಳನ್ನು ಮೊದಲು ಲಿನಕ್ಸ್ ಸರ್ವರ್‌ನಲ್ಲಿ, ಇಎಕ್ಸ್‌ಟಿ4 ಕಡತ ವ್ಯವಸ್ಥೆಯ ಮೇಲೆ ಇಟ್ಟಿದ್ದೆವು. ಕರೆಂಟು ಹೋಗಿ ಬಂದಾಗಲೆಲ್ಲ ಅದು ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಾಖಲೆ) ಓದಿಕೊಂಡು ಬೇಗನೆ ಎದ್ದು ನಿಲ್ಲುತ್ತಿತ್ತು. ಆ ಬಗ್ಗೆ ದೂರಿಲ್ಲ. ಆದರೆ ಒಂದು ದಿನ ತೋಪ್ ತೆನೆ ಸೆರಗಿನ ಹಳೆಯ ಚಿತ್ರವೊಂದನ್ನು ತೆರೆದರೆ ಅರ್ಧದಿಂದ ಕೆಳಗೆ ಬರೀ ಬೂದು ಪಟ್ಟಿ. ದೋಷ ಡಿಸ್ಕಿನದೇ; ಆದರೆ ಇಎಕ್ಸ್‌ಟಿ4 ಚೆಕ್‌ಸಮ್ (ದತ್ತಾಂಶ ಕೆಟ್ಟಿದೆಯೇ ಎಂದು ತಾಳೆ ನೋಡುವ ಅಂಕಿ) ಇಡುವುದು ಮೆಟಾಡೇಟಾಕ್ಕೆ (ಕಡತದ ಹೆಸರು, ಜಾಗ ಮುಂತಾದ ವಿವರಗಳಿಗೆ) ಮಾತ್ರ, ಕಡತದೊಳಗಿನ ದತ್ತಾಂಶಕ್ಕಲ್ಲವಾದ್ದರಿಂದ, ಕೆಟ್ಟ ಪ್ರತಿಯೇ ಬ್ಯಾಕಪ್‌ಗೂ ಸದ್ದಿಲ್ಲದೆ ನಕಲಾಗಿತ್ತು.

ಈಗ ಇರುವುದು ಲಿನಕ್ಸ್‌ನಂತೆಯೇ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆಯಾದ ಫ್ರೀಬಿಎಸ್‌ಡಿ, ಅದರ ಮೇಲೆ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯ ಮಿರರ್, ಅಂದರೆ ಎರಡು ಡಿಸ್ಕುಗಳಲ್ಲೂ ಒಂದೇ ಪ್ರತಿ. ಪ್ರತಿ ಬ್ಲಾಕಿಗೂ ಚೆಕ್‌ಸಮ್ ಇರುವುದರಿಂದ, ಓದುವಾಗ ತಾಳೆಯಾಗದಿದ್ದರೆ ಅದು ಇನ್ನೊಂದು ಡಿಸ್ಕಿನ ಸರಿಯಾದ ಪ್ರತಿಯಿಂದ ತಾನೇ ತಿದ್ದಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಸ್ಕ್ರಬ್ (ಇಟ್ಟ ದತ್ತಾಂಶವನ್ನೆಲ್ಲ ಓದಿ ತಾಳೆ ನೋಡುವ ತಪಾಸಣೆ) ಓಡಿಸುತ್ತೇನೆ. ಕಳೆದ ಸಲ ಅದರ ವರದಿಯ ಚೆಕ್‌ಸಮ್ ಅಂಕಣದಲ್ಲಿ 3 ತಪ್ಪು ಎಂದು ಕಂಡಿತು, ಹುಡುಕಿದರೆ ಡಿಸ್ಕಿನ ಸಾಟಾ ಕೇಬಲ್ ಸಡಿಲವಾಗಿತ್ತು. ವಿಂಡೋಸ್ ಸರ್ವರ್‌ನಲ್ಲಿ ಆರ್‌ಇಎಫ್‌ಎಸ್ ಎಂಬ ಕಡತ ವ್ಯವಸ್ಥೆ 2012ರಿಂದಲೇ ಇದೆಯಾದರೂ ಕಡತದ ದತ್ತಾಂಶಕ್ಕೂ ತಪಾಸಣೆ ಬೇಕೆಂದರೆ ಅದನ್ನು ನಾವೇ ಚಾಲೂ ಮಾಡಬೇಕು; ಪರವಾನಗಿಯ ಖರ್ಚು ಬೇರೆ.

ಕೊರತೆಯೊಂದೇ: ಫ್ರೀಬಿಎಸ್‌ಡಿ ಬಲ್ಲ ಕೈ ನಮಗೆ ಊರಿನಲ್ಲಿ ಸಿಗಲಿಲ್ಲ. ಅಂಥ ನೆರವು ಸಿಗದವರು ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲೇ ಝಡ್‌ಎಫ್‌ಎಸ್ ಹಾಕಿಕೊಳ್ಳಬಹುದು.