ಚಿಕ್ಕ ಹಾಲ್‌ಗೆ ದೊಡ್ಡ ರಗ್ಗೇ ಬೇಕು

ನಮ್ಮ ಅಪಾರ್ಟ್‌ಮೆಂಟಿನ ಪುಟ್ಟ ಹಾಲ್‌ಗೆ ತಂದ 5 ಅಡಿಗೆ 8 ಅಡಿಯ ಉಣ್ಣೆ ರಗ್ಗು ನನಗೆ ತುಂಬಾ ಹಿಡಿಸಿದೆ. ಚಿಕ್ಕ ಜಾಗಕ್ಕೆ ಚಿಕ್ಕ ರಗ್ಗು ಸಾಕು ಅನ್ನುವವರೇ ಜಾಸ್ತಿ, ಆದರೆ ಸೋಫಾದ ಮುಂದಿನ ಎರಡು ಕಾಲಾದರೂ ಅದರ ಮೇಲೆ ಬರದಿದ್ದರೆ ರಗ್ಗು ನಡುವೆ ಸುಮ್ನೆ ಬಿದ್ದಂತಿರುತ್ತದೆ, ಹಾಲ್ ಇನ್ನೂ ಇಕ್ಕಟ್ಟಾಗಿ ಕಾಣುತ್ತದೆ. ಕೊಳ್ಳುವ ಮೊದಲು ನೆಲಕ್ಕೆ ಟೇಪ್ ಅಂಟಿಸಿ ಅಳತೆ ನೋಡಿ. ಬಾಗಿಲನ್ನೂ ತೆರೆದು ನೋಡಿ, ರಗ್ಗು ದಪ್ಪವಾದರೆ ಅದಕ್ಕೆ ತಗುಲುತ್ತದೆ.

ಮೊದಮೊದಲು ನಾರು ಉದುರುತ್ತದೆ. ಉಣ್ಣೆಯ ಗುಣವೇ ಅದು, ವ್ಯಾಕ್ಯೂಮ್ ಮಾಡುತ್ತಾ ಬಂದರೆ ಕಡಿಮೆಯಾಗುತ್ತದೆ, ಆದರೆ ತಿರುಗುವ ಬ್ರಷ್ ಮಾತ್ರ ಬೇಡ, ಎಳೆ ಕಿತ್ತುಬರುತ್ತದೆ. ಏನಾದರೂ ಚೆಲ್ಲಿದರೆ ಉಣ್ಣೆ ತಕ್ಷಣ ಹೀರಿಕೊಳ್ಳುವುದಿಲ್ಲ, ಒಣಬಟ್ಟೆ ಒತ್ತಿ ತೆಗೆಯಬಹುದು. ಉಜ್ಜಬೇಡಿ. ಸೆಣಬಿನ ರಗ್ಗು ನೋಡಲು ಚೆಂದ ನಿಜ, ಆದರೆ ನೀರು ಬಿದ್ದರೆ ಕಲೆ ಉಳಿಯುತ್ತದೆ, ಬರಿಗಾಲಿಗೆ ಒರಟು. ಪುಟ್ಟ ಮಕ್ಕಳಿರುವ ಮನೆಗೆ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ನಾರಿನ ರಗ್ಗು ಸುಲಭ, ತೊಳೆಯುವುದಕ್ಕೆ ಕಷ್ಟವಿಲ್ಲ.

ಸೋಫಾ ವಿಷಯದಲ್ಲಿ ಒಂದೇ ಮಾತು: ಕಾಲುಗಳು ಎತ್ತರವಿದ್ದು ಕೆಳಗೆ ನೆಲ ಕಾಣುವಂತಿದ್ದರೆ ಜಾಗ ದೊಡ್ಡದು ಅನ್ನಿಸುತ್ತದೆ. ಟೀಪಾಯಿ ಬದಲು ಒಂದರೊಳಗೊಂದು ಸೇರುವ ಎರಡು ಪುಟ್ಟ ಮೇಜು ಒಳ್ಳೆಯದು, ಜನ ಬಂದಾಗ ಎಳೆದುಕೊಂಡರಾಯಿತು. ಪರದೆಯ ರಾಡನ್ನು ಕಿಟಕಿಗೆ ಅಂಟಿಕೊಂಡಂತೆ ಹಾಕದೆ ಚಾವಣಿಯ ಹತ್ತಿರಕ್ಕೆ ಏರಿಸಿ.

ರಗ್ಗಿನ ಬಗ್ಗೆ ನನ್ನ ದೂರು ಒಂದೇ. ಕೆಳಗೆ ಹಾಸುವ ಪ್ಯಾಡ್ ಜೊತೆಗೆ ಬರುವುದಿಲ್ಲ, ನುಣುಪು ಟೈಲ್ಸ್ ಮೇಲೆ ಅದಿಲ್ಲದೆ ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಪ್ಯಾಡನ್ನೂ ಅವತ್ತೇ ಕೊಂಡುಬಿಡಿ.