ದೊಡ್ಡಕ್ಷರದ ಸತ್ಯವೇದ (ಬೈಬಲ್) ತಗೊಂಡು ಮೂರು ತಿಂಗಳಾಯ್ತು

ಅಮ್ಮಂಗೆ ಅಂತ ಆನ್‌ಲೈನಲ್ಲಿ ತರಿಸಿದ್ದು, ಕನ್ನಡಕ ಹಾಕ್ಕೊಂಡ್ರೂ ಹಳೇದ್ರಲ್ಲಿ ಅಕ್ಷರ ಕಾಣ್ಸಲ್ಲ ಅಂತಿದ್ರು. ಪಾರ್ಸೆಲ್ ಬಂದಾಗ ಒಂದು ಮೂಲೆ ಮಡಚ್ಕೊಂಡಿತ್ತು, ರಿಟರ್ನ್ ಹಾಕೋಣ ಅಂದ್ರೆ ಅಮ್ಮ "ಬಿಡೋ, ಒಳಗಿರೋದು ಮಡಚಿಲ್ವಲ್ಲ" ಅಂದ್ರು. ಪ್ಯಾಕಿಂಗ್‌ಗೆ ಒಂದು ಸ್ಟಾರ್ ಕಟ್.

ಪ್ರಿಂಟ್ ಸೂಪರ್. ಹಾಳೆ ಮಾತ್ರ ತುಂಬಾ ತೆಳು, ಕೀರ್ತನೆಗಳ ಹತ್ರ ಒಂದು ಆಗ್ಲೇ ಹರಿದಿದೆ, ತೂಕನೂ ಜಾಸ್ತಿ, ಮಡಿಲಲ್ಲಿ ದಿಂಬು ಇಟ್ಕೊಂಡೇ ಓದ್ಬೇಕು. ಭಾಷೆ ಹಳೇದು, ಮತ್ತಾಯ 5:8ರಲ್ಲಿ "ನಿರ್ಮಲಚಿತ್ತರು" ಅಂತ ಬಂದಾಗ ಮಗಳು ಹಾಗಂದ್ರೇನು ಅಂದ್ಲು, ಹೊಟ್ಟೇಲಿ ಒಂದು ಬಾಯಲ್ಲಿ ಒಂದು ಇಲ್ದವ್ರು ಅಂದೆ, ಹಾಗಾದ್ರೆ ನೀನಲ್ಲ ಬಿಡಪ್ಪ ಅಂದ್ಲು!

ಈಗ ರಾತ್ರಿ ನಾನೇ ಓದಿ ಹೇಳೋದು. ಮೊನ್ನೆ ಮತ್ತಾಯ 18, ಶಿಷ್ಯ ಪೇತ್ರ ಏಳು ಸಲ ಕ್ಷಮಿಸಿದ್ರೆ ಸಾಕಾ ಅಂತ ಕೇಳಿದ್ರೆ ಯೇಸು ಸ್ವಾಮಿ ಏಳಲ್ಲ, ಏಳೆಪ್ಪತ್ತು ಸಲ ಅಂತಾರಲ್ಲ ಅದು. ಆಮೇಲೆ ಸ್ವಾಮಿ ಹೇಳೋ ಕಥೇಲಿ, 10,000 ತಲಾಂತು (ಜೀವನಪೂರ್ತಿ ದುಡಿದ್ರೂ ತೀರದಷ್ಟು ದುಡ್ಡು) ಸಾಲ ಮನ್ನಾ ಆದ ಆಳು ಹೊರಗೆ ಬಂದು ತನಗೆ 100 ದಿನಾರಿ ಕೊಡ್ಬೇಕಾದವನ ಕುತ್ತಿಗೆ ಹಿಡೀತಾನೆ. ಒಂದು ದಿನಾರಿ ಅಂದ್ರೆ ಕೂಲಿಯವನ ಒಂದು ದಿನದ ಸಂಬಳ, ಅಂದ್ರೆ 100 ದಿನದ ದುಡಿಮೆ, ಸಣ್ಣ ಮೊತ್ತ ಏನಲ್ಲ, ನಿಂಗೆ ನಷ್ಟನೇ ಆಗಿಲ್ಲ ಅಂತ ಆ ಕಥೆ ಹೇಳಲ್ಲ ನೋಡಿ, ಅದಕ್ಕೇ ನಂಗಿಷ್ಟ. ಅಮ್ಮ ಅಲ್ಲೇ ನಿಲ್ಸು ಅಂದು, ಸೈಟ್ ವಿಷ್ಯಕ್ಕೆ ಆರು ವರ್ಷದಿಂದ ಮಾತು ಬಿಟ್ಟಿರೋ ಚಿಕ್ಕಪ್ಪನ ನಂಬರ್ ಕೇಳಿದ್ರು. ಇನ್ನೂ ಕಾಲ್ ಮಾಡಿಲ್ಲ, ದೇವರು ಟೈಮ್ ತೋರಿಸ್ತಾನೆ ಅಂತಾರೆ, ಚೀಟಿ ಮಾತ್ರ ಅದೇ ಪುಟದಲ್ಲಿದೆ.

ರಿಬ್ಬನ್ ಒಂದೇ ಕೊಟ್ಟಿದಾರೆ, ಎರಡಿದ್ದಿದ್ರೆ ಚೆನ್ನಾಗಿರ್ತಿತ್ತು.