ಮರಳಿನ ಬದಲು ಐದು ಕಿಲೋ ಬಿಳಿಜೋಳ

ಮೊಮ್ಮಗಳಿಗೆ ನಾಲ್ಕು ವರ್ಷ. ಪಕ್ಕದಲ್ಲಿ ಮನೆ ಕಟ್ಟುವಾಗ ಸುರಿದಿದ್ದ ಎಂ-ಸ್ಯಾಂಡ್ ಗುಡ್ಡೆಯಲ್ಲೇ ಅವಳ ಆಟ. ಸಂಜೆ ಒಳಗೆ ಬಂದರೆ ಹಾಸಿಗೆ, ತಲೆ, ಫ್ರಾಕಿನ ಜೇಬು, ಎಲ್ಲ ಕಡೆ ಪುಡಿ. ಎಂ-ಸ್ಯಾಂಡ್ ಅಂದರೆ ಕಲ್ಲು ಅರೆದು ಮಾಡಿದ್ದು. ಹೊಳೆ ಮರಳಿನಷ್ಟು ನುಣುಪಲ್ಲ, ಧೂಳೂ ಜಾಸ್ತಿ. ರಾತ್ರಿ ಬೆಕ್ಕುಗಳು ಅಲ್ಲೇ ಹೊಲಸು ಮಾಡಿ ಹೋಗುತ್ತಿದ್ದವು. ಒಂದು ದಿನ ಅವಳ ಸೌಟಿನಲ್ಲಿ ಅದೇ ಬಂತು. ಅವತ್ತೇ ಆ ಆಟ ಬಂದ್ ಮಾಡಿಸಿದೆ.

ಮೊದಲು ತರಿಸಿದ್ದು ಕೈನೆಟಿಕ್ ಸ್ಯಾಂಡ್, ಒಂದು ಕಿಲೋ ಪ್ಯಾಕೆಟ್. ಇದೂ ಮರಳೇ. ಸುಮಾರು 98 ಭಾಗ ನುಣ್ಣನೆ ಮರಳು, 2 ಭಾಗ ಸಿಲಿಕೋನ್ ಎಣ್ಣೆ. ಆ ಎಣ್ಣೆಯಿಂದಲೇ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೀರು ಬೆರೆಸಿರುವುದಿಲ್ಲ, ಹಾಗಾಗಿ ನಮ್ಮ ಕಲಬುರಗಿ ಬಿಸಿಲಿಗೂ ಒಣಗಲಿಲ್ಲ. ನಮ್ಮದು ಶಹಾಬಾದ್ ಪರಶಿ, ಅಂದರೆ ಕಲ್ಲು ಚಪ್ಪಡಿ ನೆಲ. ಅದರ ಮೇಲೆ ಚೆಲ್ಲಿದರೆ ಒಂದು ಉಂಡೆ ಮಾಡಿ ಹೊರಳಿಸಿದರೆ ಸಾಕು, ಬಿದ್ದದ್ದೆಲ್ಲ ಅದಕ್ಕೇ ಹತ್ತಿಕೊಂಡು ಬರುತ್ತದೆ. ಆದರೆ ಜಮಖಾನೆ ಮೇಲೆ ಬಿದ್ದದ್ದು ಮಾತ್ರ ಬರಲೇ ಇಲ್ಲ. ಒಂದು ಕಿಲೋ ಅಂದರೆ ಎರಡು ಬೊಗಸೆ. ಮಗು ಅದರಲ್ಲಿ ಕೂತು ಆಡುವ ಹಾಗಿಲ್ಲ, ಟಬ್ ತುಂಬಿಸೋಣ ಅಂದರೆ ರೊಕ್ಕ ಬಹಳ.

ನಮ್ಮದು ತೊಗರಿ ಊರು. ದಾಲ್ ಮಿಲ್ಲಿನಿಂದ ದನಕ್ಕೆ ಹಾಕುವ ತೊಗರಿ ಹೊಟ್ಟು ಒಂದು ಚೀಲ ತಂದೆ. ಮೆತ್ತಗಿತ್ತು, ಅಗ್ಗವೂ ಆಯಿತು. ಮಗು ಕೈ ಹಾಕಿ ತೂರಿದ ಕೂಡಲೇ ಇಬ್ಬರಿಗೂ ಕೆಮ್ಮು. ವಾಪಸ್ ದನಕ್ಕೇ ಹೋಯಿತು.

ಆಮೇಲೆ ನಮ್ಮೂರ ಕಾಳಿನ ಪೇಟೆ ನೆಹರು ಗಂಜಿಗೆ ಹೋಗಿ ಐದು ಕಿಲೋ ಬಿಳಿಜೋಳ ತಂದೆ. ಅಂಗಡಿಯವರಿಗೆ ಇದು ರೊಟ್ಟಿಗಲ್ಲ, ಮಗುವಿನ ಆಟಕ್ಕೆ ಅಂದೆ. ಅವರು ಸುಮ್ನೆ ತೂಕ ಮಾಡಿ ಕೊಡಲಿಲ್ಲ. ಸಾಣಿಗಿಯಲ್ಲಿ ಎರಡು ಸಲ ಸಾಣಿಸಿ, ಹರಳು ಆರಿಸಿ ಕೊಟ್ಟರು. ಮಳೆಗೆ ಸಿಕ್ಕು ಕಪ್ಪಾದ ಜೋಳ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ಬೂಸು ಇರುತ್ತದೆ, ಮಗುವಿನ ಕೈಗೆ ಬೇಡ ಅಂತ ಅವರೇ ಹೇಳಿದರು. ಈ ಕಾಳಜಿ ನನಗೆ ಬಹಳ ಹಿಡಿಸಿತು.

ಮನೆಯಲ್ಲಿ ನಮ್ಮಾಕೆ ಸಿಟ್ಟಾದಳು. "ತಿನ್ನೋ ಕಾಳು ಕಾಲಾಗ ತುಳಸ್ತೀರೇನ್ರಿ?" ಅವಳ ಮಾತು ಸರಿಯೇ. ಅದಕ್ಕೆ ಒಂದು ಕರಾರು ಮಾಡಿಕೊಂಡೆವು. ಕೈ ಮಾತ್ರ ಟಬ್ಬಿನೊಳಗೆ, ಕಾಲು ಹೊರಗೆ. ಕಾಳು ಹಳೆಯದಾದರೆ ಮಾಳಿಗೆ ಮೇಲೆ ಹಕ್ಕಿಗಳಿಗೆ.

ಈಗ ಟಬ್ಬಿನ ಕೆಳಗೆ ಹಳೇ ಚಾದರ ಹಾಸುತ್ತೇವೆ. ಆಟ ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿದರೆ ಚೆಲ್ಲಿದ ಕಾಳೆಲ್ಲ ಮತ್ತೆ ಟಬ್ಬಿಗೆ. ಉಳಿದ ನಾಲ್ಕು ಕಾಳು ಕಸಬರಿಗೆಗೆ ಸಿಗುತ್ತವೆ. ತಲೆಯಲ್ಲಿ, ಉಗುರಲ್ಲಿ ಏನೂ ಇಲ್ಲ. ನನ್ನ ತಾಯಿಯ ಕಾಲದ ಸೇರು, ಪಾವು ಕೊಟ್ಟಿದ್ದೇನೆ. ನಾಲ್ಕು ಪಾವು ಸುರಿದರೆ ಒಂದು ಸೇರು ತುಂಬುತ್ತದೆ ಅಂತ ಅವಳೇ ಕಂಡುಕೊಂಡಳು. ಆ ದಿನ ಮನೆಯವರನ್ನೆಲ್ಲ ಕರೆದು ಮೂರು ಸಲ ಅಳೆದು ತೋರಿಸಿದಳು. ನುಸಿ ಬೀಳದಿರಲಿ ಅಂತ ಒಣಗಿದ ಬೇವಿನ ಎಲೆ ಹಾಕಿ ಮುಚ್ಚಿಡುತ್ತೇವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಸಿಲು ಕಾಣಿಸಲೇಬೇಕು.

ಮೂರು ವರ್ಷದೊಳಗಿನ ಮಕ್ಕಳಿಗೆ ಇದು ಬೇಡವೇ ಬೇಡ. ಕಾಳು ಮೂಗಿಗೆ, ಕಿವಿಗೆ, ಗಂಟಲಿಗೆ ಹೋಗುತ್ತದೆ, ಒದ್ದೆಯಾದರೆ ಉಬ್ಬುತ್ತದೆ. ಹೋದರೆ ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗದೆ ಡಾಕ್ಟರ ಹತ್ತಿರ ಓಡಬೇಕು. ದೊಡ್ಡ ಮಗುವಾದರೂ ನಾನು ಪಕ್ಕದಲ್ಲೇ ಕೂತಿರುತ್ತೇನೆ. ನೀರಿನಲ್ಲಿ ಉಬ್ಬುವ ಬಣ್ಣದ ಗುಂಡುಗಳನ್ನೂ ಆಟಕ್ಕೆ ಮಾರುತ್ತಾರೆ. ಅವನ್ನು ಮನೆಗೇ ತರಬೇಡಿ. ನುಂಗಿದರೆ ಕರುಳಿನಲ್ಲಿ ಉಬ್ಬಿ ದಾರಿ ಕಟ್ಟುತ್ತವೆ.

ಜೋಳದಲ್ಲಿ ಒಂದು ಕೊರತೆ ಇದೆ. ಏನು ಕಟ್ಟಿದರೂ ಜಾರುತ್ತದೆ. "ಮುತ್ಯಾ, ಗುಡಿ ನಿಲ್ಲವಲ್ದು" ಅಂತ ಮುಖ ಸಪ್ಪಗೆ ಮಾಡುತ್ತಾಳೆ. ಆಗ ಜಮಖಾನೆ ಸುತ್ತಿಟ್ಟು ಕೈನೆಟಿಕ್ ಸ್ಯಾಂಡಿನ ಡಬ್ಬಿ ತೆಗೆಯುತ್ತೇನೆ. ಗುಡಿ ಅದರದ್ದು, ಅದರ ಮುಂದಿನ ಸಂತೆಗೆ ರಾಶಿ ಜೋಳದ್ದು.